ಲಿಂಗಸುಗೂರಿನ ಕಡೆಯ ಮೋಡ

ಮೂವತ್ತು ವರ್ಷಗಳ ಮಳೆಯ ಲೆಕ್ಕವನ್ನು ಜಿಲಾನಿಸಾಬ್ ಬೇಸಿಗೆಯಿಡೀ ಕೂತು ಹೋಲಿಸಿ ನೋಡಿದ್ದ. ನಿಜಾಮ ಸರ್ಕಾರದ ನೀರಾವರಿ ಕಚೇರಿಯಲ್ಲಿ ಅವನ ಕೆಲಸವೇ ಅದು. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಮಳೆಯಳತೆ ಸೇರಿಸಿ ಮಸ್ಕಿ ಹಳ್ಳದ ನಡತೆ ತಿಳಿಯಬೇಕು. ವರ್ಷದ ಒಟ್ಟು ಮಳೆ ಕಡಿಮೆಯಾಗಿರಲಿಲ್ಲ. ಆದರೆ ಮೊದಲೆಲ್ಲ ತಿಂಗಳುಗಟ್ಟಲೆ ಹದವಾಗಿ ಬೀಳುತ್ತಿದ್ದುದು ಈಗೀಗ ಒಂದೆರಡು ಹೊಡೆತದಲ್ಲೇ ಸುರಿದು ಮುಗಿಯುತ್ತಿತ್ತು. ಎಲ್ಲಕ್ಕಿಂತ ಜೋರು ಹೊಡೆತ ಬೀಳುತ್ತಿದ್ದುದು ಲಿಂಗಸುಗೂರಿನ ಎತ್ತರದ ನೆಲದಲ್ಲಿ. ಆ ನೀರೆಲ್ಲ ಇಳಿದು ಸೇರುವುದು ಮಸ್ಕಿಯ ಹಳೇ ಕೆರೆಗೆ. ಹೆಚ್ಚಾದ ನೀರು ಹೊರಬಿಡುವ ಅದರ ಕೋಡಿ ಕಟ್ಟಿದ್ದು ಹಿಂದಿನ ಹದಮಳೆಯ ಅಂದಾಜಿನ ಮೇಲೆ.

ಕೋಡಿ ಅಗಲ ಮಾಡಬೇಕೆಂದು ಮೇಲಿನವರಿಗೆ ಬರೆದ. ಮಳೆಗಾಲ ಮುಗಿಯಲಿ, ನೋಡೋಣ ಎಂದರು.

ಉತ್ತರಿ ಮಳೆಯ ಒಂದು ಮುಂಜಾನೆ ಮಸ್ಕಿಯಲ್ಲಿ ಎಳೆಬಿಸಿಲಿತ್ತು. ಲಿಂಗಸುಗೂರಿನ ದಿಕ್ಕು ಮಾತ್ರ ಮಸಿ ಬಳಿದಂತೆ ಕಪ್ಪಾಗಿ ನಿಂತಿತ್ತು. ಗಾಳಿ ಬಿದ್ದುಹೋಗಿತ್ತು. ಜಿಲಾನಿಸಾಬ್ ಅದನ್ನು ಕಂಡವನೇ ಕೆರೆಯೇರಿಯ ಕೆಳಗಿನ ಓಣಿಗೆ ಓಡಿದ.

"ಎಲ್ಲಾರೂ ಗುಡ್ಡಕ್ಕ ನಡೀರಿ. ಕೆರಿ ಒಡೀತೈತಿ."

ಓಣಿಯ ಹಿರಿಯ ಗದ್ದೆಪ್ಪ ಕಟ್ಟೆಯಿಂದ ಏಳಲಿಲ್ಲ. "ಸಾಹೇಬ್ರ, ಇಲ್ಲಿ ಹನಿ ಬಿದ್ದಿಲ್ಲ. ನಮ್ಮಜ್ಜನ ಕಾಲದಾಗಿಂದ ನಿಂತೈತಿ ಈ ಏರಿ."

"ಅಜ್ಜನ ಕಾಲದ ಮಳಿ ಈಗಿಲ್ರಿ, ಗದ್ದೆಪ್ಪ."

ಯಾರೂ ಕದಲಲಿಲ್ಲ. ಕೊನೆಗೆ ಅವನು ಸೂಲಗಿತ್ತಿ ಪಕೀರಮ್ಮನ ಬಾಗಿಲಿಗೆ ಹೋದ. ಅವನ ಮಗಳಿಗೂ ಹೆರಿಗೆ ಮಾಡಿಸಿದ ಕೈ ಅವಳದು.

"ತುದಿಮನಿ ಬಸ್ಸಮ್ಮಗ ಹೆರಿಗಿ ಬ್ಯಾನಿ ಎದ್ದಾವ್ರಿ. ಆಕೀನ ಬಿಟ್ಟು ಹೆಂಗ ಬರ್ಲಿ?" ಅಂದಳು ಪಕೀರಮ್ಮ.

"ಆಕೀನೂ ಹೊತಗೊಂಡು ಹೋಗೂಣು."

ಪಕೀರಮ್ಮ ಅವನ ಮುಖವನ್ನೇ ನೋಡಿದಳು. ಅಲ್ಲಿ ಏನು ಕಂಡಳೋ, ನೆಟ್ಟಗೆ ಬಸ್ಸಮ್ಮನ ಮನೆಗೆ ನಡೆದಳು. ನಾಲ್ವರು ಅವಳನ್ನು ಮಲಗಿಸಿದ್ದ ಹೊರಸು ಎತ್ತಿದರು. ನರಳುತ್ತಿದ್ದ ಬಸ್ಸಮ್ಮ ಓಣಿಯ ನಡುವೆ ಸಾಗಿದಳು. ಜಿಲಾನಿಸಾಬನ ಲೆಕ್ಕಕ್ಕೆ ಕದಲದ ಹೆಂಗಸರು, ಸೂಲಗಿತ್ತಿಯೇ ಬ್ಯಾನಿಯ ಬಸುರಿಯನ್ನು ಹೊರಿಸಿಕೊಂಡು ಹೊರಟದ್ದು ಕಂಡು ಬೆದರಿದರು. ಒಬ್ಬೊಬ್ಬರಾಗಿ ಮಕ್ಕಳನ್ನು ಕಂಕುಳಿಗೇರಿಸಿಕೊಂಡು ಹಿಂದೆ ಬಿದ್ದರು. ಗಂಡಸರು ದನ ಬಿಚ್ಚಿದರು. ಬೈದುಕೊಳ್ಳುತ್ತಲೇ ಗದ್ದೆಪ್ಪನೂ ಎದ್ದ.

ಮಧ್ಯಾಹ್ನ ಗುಡ್ಡದ ಬಂಡೆಯ ಮರೆಯಲ್ಲಿ ಬಸ್ಸಮ್ಮ ಹೆತ್ತಳು. ಕೂಸು ಅಳುವ ಮೊದಲೇ ಕೆಳಗಿನಿಂದ ನೆಲ ಗುಡುಗಿದ ಸದ್ದು ಬಂತು. ಏರಿಯ ನಡು ಕುಸಿದು ಕೆಂಪು ನೀರು ಓಣಿಯ ಮೇಲೆ ಬಿದ್ದಿತು. ಸೂರುಗಳು ಮುಳುಗಿದವು. ಮಸ್ಕಿಯ ಮೇಲೆ ಆಗಲೂ ಬಿಸಿಲೇ ಇತ್ತು.

ಗದ್ದೆಪ್ಪ ಮೆಲ್ಲಗೆ ಜಿಲಾನಿಸಾಬನ ಪಕ್ಕಕ್ಕೆ ಬಂದು ಕೂತ.

"ಮುಗೀತಲ್ರಿ, ಸಾಹೇಬ್ರ? ನೀರಿಳಿದ ಮ್ಯಾಲ ಅಲ್ಲೇ ಮನಿ ಕಟಗೊಂತೀವಿ."

"ಬ್ಯಾಡ್ರಿ. ಇದು ದೊಡ್ಡ ಹೊಡತ ಅಲ್ಲ."

"ಮತ್ತ?"

ಜಿಲಾನಿಸಾಬ್ ನೀರು ಹರಿದ ದಿಕ್ಕಿಗೆ, ಸಿಂಧನೂರಿನ ಕಡೆಯ ಹಳ್ಳದ ದಂಡೆಯ ಊರುಗಳತ್ತ ನೋಡಿದ. ಅಲ್ಲಿಯವರಿಗೆ ಸುದ್ದಿ ಮುಟ್ಟಿಸಲು ಹೊತ್ತಿರಲಿಲ್ಲ.

"ಮಳಿ ಹೊಡತ ವರ್ಷಾ ವರ್ಷಾ ಏರುತ್ತ ಹೊಂಟಾವ್ರಿ," ಅಂದ.