ಕಂಪ್ಲಿ ಕೋಟೆ, ಮನೆ ನಂಬರು ಒಂಬತ್ತು

ಹೊಸಪೇಟೆಯ ಬಟ್ಟೆ ಬಜಾರಿನಲ್ಲಿ ವಿರುಪಾಕ್ಷಪ್ಪ ಸಾಹುಕಾರರ ಅಂಗಡಿಕಟ್ಟೆಯ ಮೇಲೆ ಕೂತು ಹೊಲಿಯುತ್ತಿದ್ದ ಜಂಬಯ್ಯನಿಗೆ ಆಗ ಮೂವತ್ತು ದಾಟಿತ್ತು. ಕೈ ಶುದ್ಧ, ಮಾತು ಕಡಿಮೆ. ಅವನು ತುಳಿಯುತ್ತಿದ್ದ ಮಿಷನ್ ಮಾತ್ರ ಸಾಹುಕಾರರದು. ಅವರಿಗೆ ಬೇಕಾದಾಗ ಎಬ್ಬಿಸಿ ಬೇರೆಯವರನ್ನು ಕೂರಿಸಬಹುದಿತ್ತು. ಆ ವರ್ಷ ಬಳ್ಳಾರಿಯ ಒಂದು ಕಂಪನಿ ಸ್ಟೇಷನ್ ರಸ್ತೆಯಲ್ಲಿ ಅಂಗಡಿ ತೆರೆದು, ನಂಬಿಕಸ್ತರಿಗೆ ಕಂತಿನ ಮೇಲೆ ಹೊಲಿಗೆ ಮಿಷನ್ ಕೊಡುತ್ತೇವೆಂದು ಬೋರ್ಡು ಹಾಕಿದಾಗ ಹೆಂಡತಿ ಎಲ್ಲಮ್ಮ ಅವನ ಬೆನ್ನು ಬಿದ್ದಳು. ಜಂಬಯ್ಯ ಹೋಗಿ ಅರ್ಜಿ ಬರೆಸಿ, ರುಜು ಹಾಕಿ ಬಂದ.

ತಿಂಗಳ ಮೇಲೆ ಆ ಅಂಗಡಿಯಿಂದ ಕರೆ ಬಂತು. ಗುಮಾಸ್ತ ಗಾದಿಲಿಂಗಪ್ಪ ಕನ್ನಡಕದ ಮೇಲಿಂದ ನೋಡಿ, ಕುಂದ್ರಿ ಅಂತಲೂ ಅನ್ನಲಿಲ್ಲ.

“ನಿಮಗ ಮಿಷನ್ ಕೊಡಾಕ ಬರಂಗಿಲ್ಲ. ಬಳ್ಳಾರಿಯಿಂದ ಇಲ್ಲ ಅಂತ ಬಂದೈತಿ.”

“ಯಾಕ್ರೀ?”

“ಹೊಸಪೇಟ್ಯಾಗ ಇರ್ತೀನಿ ಅಂತ ಹೇಳೀರಿ. ನೀವಿರೋದು ಕಂಪ್ಲಿ. ಸುಳ್ಳು ವಿಳಾಸ ಕೊಟ್ಟವರಿಗೆ ಕಂಪನಿ ಉದ್ದರಿ ಕೊಡಂಗಿಲ್ಲ.”

ಜಂಬಯ್ಯ ಕಂಪ್ಲಿಯನ್ನು ಕಂಡವನೇ ಅಲ್ಲ. ಹಂಗಂತ ಹೇಳಿದ. ಗಾದಿಲಿಂಗಪ್ಪ ಬಳ್ಳಾರಿಯಿಂದ ಬಂದ ವಿಚಾರಣೆಯ ಕಾಗದವನ್ನು ತಿರುಗಿಸಿ ಮುಂದಿಟ್ಟ. ವಿಳಾಸದ ಜಾಗದಲ್ಲಿ ‘ಕಂಪ್ಲಿ ಕೋಟೆ, ಮನೆ ನಂಬರು ೯’ ಎಂದಿತ್ತು. ಬಳ್ಳಾರಿಯಲ್ಲಿ ಯಾರು ಹಾಗೆ ಬರೆದರೋ, ಯಾಕೆ ಬರೆದರೋ, ಗುಮಾಸ್ತನಿಗೂ ತಿಳಿಯದು. ಆದರೆ ಬರೆದದ್ದನ್ನು ನಂಬಿ ಕಂಪನಿಯ ಜವಾನ ವಿಚಾರಣೆಗೆ ಕಂಪ್ಲಿಗೇ ಹೋಗಿದ್ದ. ಆ ಮನೆಯಲ್ಲಿ ಜಂಬಯ್ಯನೆಂಬ ಸಿಂಪಿಗ ಇದ್ದ. ತಾನು ಯಾವ ಅರ್ಜಿಯನ್ನೂ ಹಾಕಿಲ್ಲ, ತನಗೆ ಮಿಷನ್ ಬೇಡ ಎಂದು ಹೇಳಿ ಕೆಳಗೆ ರುಜು ಮಾಡಿ ಕೊಟ್ಟಿದ್ದ.

“ಬ್ಯಾರೆ ಯಾರೋ ಇರಬೇಕ್ರಿ. ಜಂಬಯ್ಯ ಅನ್ನೋ ಹೆಸರು ನಮ್ಮ ಸೀಮ್ಯಾಗ ಮನಿಗೊಂದು.”

“ಹೆಸರು ಇರಬಹುದು. ರುಜು ನೋಡ್ರಿ.”

ಜಂಬಯ್ಯ ನೋಡಿದ. ಅವನು ಶಾಲೆಗೆ ಹೋದವನಲ್ಲ. ತನ್ನಷ್ಟಕ್ಕೆ ತಾನೇ ಕಲಿತ ಐದಾರು ಅಕ್ಷರ. ‘ಜ’ದ ಕೊನೆಯನ್ನು ಸೂಜಿಗೆ ದಾರ ಪೋಣಿಸಿದಂತೆ ಹಿಂದಕ್ಕೆ ಎಳೆದು, ಅದರ ಬುಡದಲ್ಲಿ ಒಂದು ಚುಕ್ಕೆ ಇಡುತ್ತಿದ್ದ. ಹಾಗೆ ಬರೆಯುವ ಇನ್ನೊಬ್ಬನನ್ನು ಅವನು ಕಂಡಿರಲಿಲ್ಲ. ಕಾಗದದ ಮೇಲೆ ಅದೇ ‘ಜ’ ಇತ್ತು, ಅದೇ ಎಳೆತ, ಅದೇ ಚುಕ್ಕೆ.

“ಕಂಪ್ಲಿ ಶಾನುಭೋಗರ ಕಡಿಂದ, ಈ ಮನುಷ್ಯ ಇಲ್ಲಿರಂಗಿಲ್ಲ ಅಂತ ಒಂದು ಚೀಟಿ ತಗಂಬರ್ರಿ. ಆಮ್ಯಾಲ ನೋಡೋಣು,” ಎಂದ ಗಾದಿಲಿಂಗಪ್ಪ.

ಸೋಮವಾರ ಮುಂಜಾನೆ ಜಂಬಯ್ಯ ಕಂಪ್ಲಿಯ ಮೋಟಾರು ಹತ್ತಿದ. ದಾರಿಯುದ್ದಕ್ಕೂ ಅವನ ಎಡಗೈ ತೋರುಬೆರಳು ಕೊಯ್ದಂತೆ ಉರಿಯುತ್ತಿತ್ತು. ಬಿಡಿಸಿ ನೋಡಿದರೆ ಗಾಯವಿರಲಿಲ್ಲ.

ಕಂಪ್ಲಿಯಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಚುರುಮುರಿ ಮಾರುವವನು ಕೂಗಿ ಕೇಳಿದ: “ಜಂಬಣ್ಣ, ಈಗ ಹೊಳಿ ಕಡೆ ಹೋದಿ, ಆಗಲೇ ಈ ಕಡಿಂದ ಬಂದಿ?” ಜಂಬಯ್ಯ ಮುಂದೆ ನಡೆದ. ಬಾವಿಕಟ್ಟೆಯ ಹೆಂಗಸೊಬ್ಬಳು ಮಗಳ ಕುಪ್ಪಸ ಯಾವಾಗ ಕೊಡ್ತಿ ಎಂದಳು. ಮಲಗಿದ್ದ ನಾಯಿಯೊಂದು ಎದ್ದು ಬಾಲ ಅಲ್ಲಾಡಿಸುತ್ತ ಬಳಿಗೆ ಬಂತು. ಕಾಲು ಮೂಸಿ, ಅಲ್ಲೇ ನಿಂತು, ಬಾಲ ಇಳಿಬಿಟ್ಟು ಹಿಂದೆ ಸರಿಯಿತು.

ಶಾನುಭೋಗರು ಪಡಸಾಲೆಯಲ್ಲಿ ಪೆಟ್ಟಿಗೆ ಮುಂದಿಟ್ಟುಕೊಂಡು ಕೂತಿದ್ದರು. ಅವನ ಮಾತನ್ನೆಲ್ಲ ಕೇಳಿ ಮೊದಲು ನಕ್ಕರು. ಅವನು ನಗಲಿಲ್ಲವೆಂದು ಕಂಡು ನಗು ನಿಲ್ಲಿಸಿದರು.

“ನೀ ಇಲ್ಲಿಲ್ಲ ಅಂತ ನಿನ್ನ ಮುಂದ ಕುಂದ್ರಿಸಿಕೊಂಡು ನಾ ಹೆಂಗ ಬರೀಲಪ್ಪ? ನಿನ್ನೆ ಸಂಜಿಗೆ ನನ್ನ ಕೋಟಿನ ಅಳತಿ ತಗಂಡು ಹೋದಾಂವ ನೀನೇ ಅಲ್ಲೇನು?”

“ಅಲ್ರಿ.”

“ಬಿಸಲಾಗ ತಿರುಗಬ್ಯಾಡ. ಮನಿಗೆ ಹೋಗು. ನಿಮ್ಮವ್ವ ಕಾಯ್ತಿರ್ತಾಳ.”

ಅವ್ವ ಎಂಬ ಮಾತು ಜಂಬಯ್ಯನನ್ನು ಅಲ್ಲೇ ಹಿಡಿದು ನಿಲ್ಲಿಸಿತು. ಅವನಿಗೆ ತಾಯಿ ಇರಲಿಲ್ಲ. ಅವನನ್ನು ಸಾಕಿದವಳು ತಾಯಕ್ಕ, ಹೊಸಪೇಟೆಯಲ್ಲಿ ಬಾಳೆಎಲೆ ಮಾರುತ್ತಿದ್ದ ಮುದುಕಿ. ಪ್ಲೇಗು ಬಂದ ವರ್ಷ ಊರೆಲ್ಲ ಬಯಲಿನ ಗುಡಿಸಲು ಸೇರಿದ್ದಾಗ, ಕಡ್ಡಿರಾಂಪುರದ ಹತ್ತಿರ ಒಂದು ಗಾಡಿ ನಿಂತಿತ್ತಂತೆ. ಅದರೊಳಗೆ ಹುಲ್ಲಿನ ಮೇಲೆ ಎರಡು ವರ್ಷದ ಕೂಸು. ಗಾಡಿಯವನು ‘ಇವನ ಹೆಸರು ಜಂಬಯ್ಯ’ ಎಂದಷ್ಟೇ ಹೇಳಿ ಅವಳ ಮಡಿಲಿಗೆ ಹಾಕಿ ಹೋದನಂತೆ. ಸಾಯುವ ತನಕ ತಾಯಕ್ಕ ಇದಕ್ಕಿಂತ ಹೆಚ್ಚು ಹೇಳಲಿಲ್ಲ. ಅವನೂ ಕೇಳಿರಲಿಲ್ಲ.

ಕೋಟೆಗೆ ಹೋಗುವ ದಾರಿಯನ್ನು ಅವನು ಯಾರನ್ನೂ ಕೇಳಲಿಲ್ಲ. ಕಾಲುಗಳು ತಾವೇ ನಡೆದವು. ಮಟಮಟ ಮಧ್ಯಾಹ್ನ. ಹೊಳೆದಂಡೆಯಲ್ಲಿ ಹರಿಗೋಲುಗಳನ್ನು ಬೋರಲು ಹಾಕಿದ್ದರು. ಓಣಿಯಲ್ಲಿ ಒಂದು ಕೋಳಿಯೂ ಇರಲಿಲ್ಲ. ಒಂಬತ್ತನೇ ನಂಬರಿನ ಬಾಗಿಲು ತೆರೆದೇ ಇತ್ತು.

ಒಳಗೆ ಕಂಬಕ್ಕೆ ಒರಗಿ ಒಬ್ಬ ಮುದುಕಿ ಕೂತಿದ್ದಳು. ಎರಡೂ ಕಣ್ಣು ಪೊರೆ ಬಂದು ಬೆಳ್ಳಗಾಗಿದ್ದವು. ಹೆಜ್ಜೆಯ ಸಪ್ಪಳಕ್ಕೆ ಮುಖ ಎತ್ತಿದಳು.

“ಹೊಳಿಗೆ ಹೋದಾಂವ ಇಷ್ಟು ಜಲ್ದಿ ಬಂದ್ಯಾ? ಕುಂದ್ರು, ಉಣ್ಣುವಂತಿ.”

ಜಂಬಯ್ಯ ಕೂತ. ಅಲ್ಲ, ನಾನು ಬೇರೆ ಎನ್ನಬೇಕೆಂದು ಬಂದವನು ಆ ದನಿಗೆ ಸೋತಿದ್ದ. ಪಕ್ಕದ ಚಾಪೆಯ ಮೇಲೆ ಅರ್ಧ ಹೊಲಿದ ಕೋಟು ಬಿದ್ದಿತ್ತು. ಎತ್ತಿ ಹೊಲಿಗೆ ತಿರುವಿ ನೋಡಿದ. ಪ್ರತಿ ಹೊಲಿಗೆಯ ಕೊನೆಗೂ ಮೂರು ಸಣ್ಣ ಅಡ್ಡ ಹೊಲಿಗೆ ಹಾಕಿ ದಾರವನ್ನು ಬಟ್ಟೆಯೊಳಗೆ ಅಡಗಿಸಿತ್ತು. ಹೊಸಪೇಟೆಯಲ್ಲಿ ಹಾಗೆ ಮುಗಿಸುವವನು ಅವನೊಬ್ಬನೇ. ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಮುದುಕಿ ತಡವುತ್ತ ಬಂದು ತಟ್ಟೆಯಲ್ಲಿ ರೊಟ್ಟಿ, ಪುಂಡಿಪಲ್ಯ ಇಟ್ಟಳು. ತಂಬಿಗೆ ಎತ್ತಿ, ಕೈತೊಳೆಸಲು ಅವನ ಎಡಗೈ ಹಿಡಿದಳು. “ಮುಂಜಾನಿ ಕತ್ತರಿ ತಾಗಿದ್ದು ಹೆಂಗೈತಿ ನೋಡೋಣು,” ಎನ್ನುತ್ತ ತೋರುಬೆರಳನ್ನು ಸವರಿದಳು. ಒಮ್ಮೆ ಸವರಿದಳು, ಮತ್ತೊಮ್ಮೆ ಸವರಿದಳು. ಗಾಯವಿರಲಿಲ್ಲ. ಅವಳ ಕೈ ಹಾಗೆಯೇ ನಿಂತಿತು.

ಆಮೇಲೆ ಅವಳು ಎರಡೂ ಕೈಯಿಂದ ಅವನ ಮುಖವನ್ನು ಹಣೆಯಿಂದ ಗದ್ದದವರೆಗೆ ನಿಧಾನವಾಗಿ ಮುಟ್ಟಿದಳು.

“ಗಾಡ್ಯಾಗ ಹೋದಾಂವ ನೀನೇನು?” ಅಂದಳು.

“ಕಡ್ಡಿರಾಂಪುರದ ಹತ್ರ ಸಿಕ್ಕೆ ಅಂತಿದ್ರವ್ವ,” ಅಂದ.

ಮುದುಕಿ ಅಳಲಿಲ್ಲ. ಕಿವಿಯನ್ನು ಬಾಗಿಲ ಕಡೆಗೇ ಇಟ್ಟುಕೊಂಡು ಸಣ್ಣ ದನಿಯಲ್ಲಿ, ಗಡಿಬಿಡಿಯಲ್ಲಿ ಹೇಳಿದಳು. “ಎರಡು ಹುಟ್ಟಿದ್ವು. ಹೆಸರು ಒಬ್ಬಗ ಇಟ್ಟೆ, ಇಬ್ಬರಿಗೂ ಅದೇ ಹತ್ತಿಕೊಂತು. ಒಬ್ಬಗ ಹಾಲು ಕುಡಿಸಿದ್ರ ಇನ್ನೊಬ್ಬ ಹೊಟ್ಟಿ ತುಂಬಿದಂಗ ಮಲಗ್ತಿದ್ದ. ಒಬ್ಬ ಬಿದ್ರ ಇನ್ನೊಬ್ಬಗ ಬಾವು ಬರ್ತಿತ್ತು. ಪ್ಲೇಗಿನ್ಯಾಗ ಅವಗ ಗಂಟು ಎದ್ದಿತು. ಗಂಟು ಇಲ್ಲದ ನಿನಗೂ ಮೈ ಸುಡಾಕ ಹತ್ತಿತು. ಒಂದೇ ಸೂರಿನ ಕೆಳಗ ಇದ್ರ ಇಬ್ಬರೂ ಉಳಿಯಂಗಿಲ್ಲ, ಒಬ್ಬನ್ನ ದೂರ ಮಾಡು ಅಂದ್ರು ಹಿರೇರು. ನಿನ್ನ ಗಾಡ್ಯಾಗ ಇಟ್ಟೆ. ಗಾಡಿ ಊರ ಗಡಿ ದಾಟಿತು, ಇಲ್ಲಿ ಅವನ ಗಂಟು ಇಳೀತು.”

“ನನಗ ಏನೂ ಆಗಿಲ್ಲವ್ವ. ಚೆಂದಾಗಿದೀನಿ.”

“ದೂರ ಇದ್ದಿ ಅಂತ ಚೆಂದ ಇದ್ದಿ. ಅವನೂ ಹಂಗ. ಈಗ ಅವ ಬರ್ತಾನ, ನೀ ಹೋಗು. ಹಿತ್ತಲ ಬಾಗಿಲಿಂದ ಹೋಗು, ನನ್ನಪ್ಪ.”

ಅಷ್ಟರಲ್ಲಿ ಓಣಿಯಲ್ಲಿ ಹೆಜ್ಜೆ ಕೇಳಿಸಿತು. ಒದ್ದೆ ಕಾಲಿನ, ಎಡಗಾಲು ತುಸು ಎಳೆದಂತೆ ಇಡುವ ಹೆಜ್ಜೆ. ಯಾರೋ ಎರಡು ಸಲ ಒಣಕೆಮ್ಮು ಕೆಮ್ಮಿದರು. ಜಂಬಯ್ಯ ಮನೆಯೊಳಗೆ ಬರುವಾಗ ಹಾಗೆಯೇ ಎರಡು ಸಲ ಕೆಮ್ಮುತ್ತಿದ್ದ. ಎಲ್ಲಮ್ಮ ಅದನ್ನು ಕೇಳಿಯೇ ಅಗುಳಿ ತೆಗೆಯುತ್ತಿದ್ದಳು. ಅವನ ಮೈಯೊಳಗೆ ಬಿಸಿ ಏರಿತು. ಮುರಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಒಂದೇ ಸಲ ತಿರುಗಿ ನೋಡಬೇಕು ಅನ್ನಿಸಿತು. ಮುದುಕಿಯ ಕೈ ಅವನ ಬೆನ್ನ ಮೇಲಿತ್ತು. ಆ ಕೈ ಅವನನ್ನು ತಡೆಯುತ್ತಿತ್ತೋ ನೂಕುತ್ತಿತ್ತೋ ಅವನಿಗೆ ಕಡೆತನಕ ತಿಳಿಯಲಿಲ್ಲ. ಅವನು ಹಿತ್ತಲಿಗೆ ಇಳಿದು ಗೋಡೆಗೆ ಒರಗಿ ನಿಂತ.

“ಯಾರು ಬಂದಿದ್ರವ್ವ?” ಎಂದು ಒಳಗಿನಿಂದ ಅವನದೇ ದನಿ ಕೇಳಿತು.

“ಯಾರಿಲ್ಲ.”

“ತಟ್ಟಿ ಇಟ್ಟಿ, ರೊಟ್ಟಿ ಮುರದೈತಿ.”

“ನಿನಗೇ ಇಟ್ಟಿದ್ದೆ. ಹಿಟ್ಟು ಬಿರುಸಾಗಿ ಮುರದೈತಿ. ಕುಂದ್ರು.”

ಆಮೇಲೆ ಆ ದನಿ, “ಅವ್ವ, ನನಗ್ಯಾಕೋ ಮೈ ಸುಡಾಕ ಹತ್ತೈತಿ,” ಎಂದಿತು. ಜಂಬಯ್ಯ ಹಿತ್ತಲ ಗೋಡೆ ಹಾರಿ ಓಡಿದ. ಊರ ಗಡಿಯ ಕಲ್ಲು ದಾಟುವವರೆಗೆ ನಿಲ್ಲಲಿಲ್ಲ. ದಾಟಿದ ಮೇಲೆ ಮೈಯ ಬಿಸಿ ನೀರು ಹೊಯ್ದಂತೆ ಇಳಿಯಿತು.

ಮನೆಗೆ ಬಂದು ನಡೆದದ್ದರಲ್ಲಿ ಅರ್ಧ ಎಲ್ಲಮ್ಮನಿಗೆ ಹೇಳಿದ. ಶಾನುಭೋಗರು ಚೀಟಿ ಕೊಡಲಿಲ್ಲ ಎಂಬ ಅರ್ಧ. ಮರುದಿನ ಅವಳೇ ಸೆರಗು ಬಿಗಿದು ಸ್ಟೇಷನ್ ರಸ್ತೆಗೆ ಹೋದಳು.

“ಇವರ ವಿಳಾಸ ನಿಮಗ ಸಿಗಂಗಿಲ್ಲಂದ್ರ ಬ್ಯಾಡ್ರಿ. ನನ್ನ ಹೆಸರಿಗೆ ಬರೀರಿ. ನಾ ಎಲ್ಲಿರ್ತೀನಿ ಅಂತ ಇಡೀ ಹೊಸಪೇಟಿಗೆ ಗೊತ್ತೈತಿ.”

ಗಾದಿಲಿಂಗಪ್ಪ ಹೆಂಗಸಿಗೆ ಉದ್ದರಿ ಕೊಟ್ಟವನಲ್ಲ. ಆದರೆ ವಿರುಪಾಕ್ಷಪ್ಪ ಸಾಹುಕಾರರು ಅವಳಿಗೆ ಜಾಮೀನು ನಿಂತದ್ದರಿಂದ ಒಪ್ಪಿದ. ವಿಚಾರಣೆಗೆ ಅದೇ ಜವಾನ ಬಂದ. ಕಟ್ಟೆಯ ಮೇಲೆ ಕೂತ ಜಂಬಯ್ಯನನ್ನು ಕಂಡು, “ಕಂಪ್ಲಿ ಬಿಟ್ರೇನ್ರಿ?” ಎಂದು ಕೇಳಿದ.

“ಬಿಟ್ಟು ಭಾಳ ವರ್ಷ ಆತು,” ಎಂದ ಜಂಬಯ್ಯ.

ಮಿಷನ್ ಬಂತು. ಎರಡು ವರ್ಷದಲ್ಲಿ ಕಂತೂ ತೀರಿತು. ಸ್ವಂತ ಕಟ್ಟೆಯಾಯಿತು. ಕಂಪ್ಲಿಯ ಮೋಟಾರನ್ನು ಮಾತ್ರ ಅವನು ಮತ್ತೆ ಹತ್ತಲಿಲ್ಲ. ಹೊಲಿಯಲು ಬಂದ ಕಂಪ್ಲಿಯವರು ತನ್ನ ಮುಖ ನೋಡಿ ಬೆರಗಾದರೆ ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದ. ಕಾರಣವಿಲ್ಲದೆ ಮೊಣಕಾಲಿನಲ್ಲಿ ನೋವೆದ್ದ ದಿನ, ಕಾರಣವಿಲ್ಲದೆ ಮನಸ್ಸು ಹಗುರಾದ ದಿನ, ಅವನು ಕೆಲಸ ನಿಲ್ಲಿಸಿ ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದ. ಎಲ್ಲಮ್ಮ ಮೊದಮೊದಲು ಯಾಕೆಂದು ಕೇಳಿದಳು, ಆಮೇಲೆ ಬಿಟ್ಟಳು.

ಒಂದು ಮಧ್ಯಾಹ್ನ ಕಂಪ್ಲಿಯ ಬೆಲ್ಲದ ವ್ಯಾಪಾರಿ ಕೊಟ್ರಯ್ಯ ಬಜಾರಿನಲ್ಲಿ ಬರುತ್ತಿದ್ದವನು ಅವನನ್ನು ಕಂಡು ಗಕ್ಕನೆ ನಿಂತ.

“ಜಂಬಣ್ಣ, ಮುಂಜಾನಿ ಬಸಕ್ಕನ್ನ ಮಣ್ಣು ಮಾಡುವಾಗ ಗುಣಿ ಹತ್ರ ನಿನ್ನ ಮಗ್ಗಲಾಗ ನಿಂತಿದ್ದೆ ನಾನು. ನೀ ಅಲ್ಲೇ ಕುಂತು ಅಳಾಕ ಹತ್ತಿದ್ದಿ. ನಾ ಮೋಟಾರಿನ್ಯಾಗ ಬಂದೆ. ನೀ ಹೆಂಗ ಬಂದಿ?”

ಜಂಬಯ್ಯನಿಗೆ ತನ್ನ ತಾಯಿಯ ಹೆಸರು ತಿಳಿದದ್ದು ಆಗಲೇ.

ಅವನು ಕೈಯಲ್ಲಿದ್ದ ಬಟ್ಟೆ ಮಡಚಿಟ್ಟು, ಕಾಲುವೆಗೆ ಹೋಗಿ, ಉಟ್ಟ ಪಂಚೆಯಲ್ಲೇ ಮೂರು ಸಲ ಮುಳುಗಿ ಎದ್ದ. ನೀರು ಸೋರುತ್ತ ಮನೆ ಬಾಗಿಲಿಗೆ ಬಂದಾಗ ಎಲ್ಲಮ್ಮ ಗಾಬರಿಯಾಗಿ, “ಯಾರು ಹೋದ್ರು?” ಎಂದು ಕೇಳಿದಳು.

“ನಮ್ಮವ್ವ,” ಎಂದ ಜಂಬಯ್ಯ. ಉಳಿದರ್ಧವನ್ನು ಹೇಳಲು ಹೊಸ್ತಿಲಲ್ಲೇ ಕೂತ.