ಮಲಗಿಸಿದ ತುಂಡು

"ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟವನು ಈಗ ನನ್ನ ರಿಪೋರ್ಟು ತಿದ್ದೋಕೆ ಬಂದಿದಾನೆ, ನೋಡ್ರಪ್ಪಾ" ಎಂದರು ಡಾಕ್ಟರ್ ಬರಠಾಕೂರ್. ಏಳು ಜನ ವಿದ್ಯಾರ್ಥಿಗಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದರು. "ಪ್ರಬೀನ್, ಮೇಣ ಕರಗಿಸೋದು ನಿನ್ನ ಕೆಲಸ, ಓದೋದು ನಮ್ಮದು. ನಿಮ್ಮಪ್ಪ ನದಿ ಘಾಟಲ್ಲಿ ನಿಂತು ದೋಣಿಗೆ ಜನ ಕೂಗ್ತಿದ್ದನಂತಲ್ಲ. ನೀನು ಇಲ್ಲಿ ನಿಂತು ಕೂಗ್ಬೇಡ."

ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಉಳಿದವರು ಅಷ್ಟೂ ಮಾಡದೆ ನಕ್ಕರು.

ನಾನು ಕೂಗಿರಲಿಲ್ಲ. ಮೆಲ್ಲಗೇ ಹೇಳಿದ್ದೆ. ಗೋಲಾಪ್ ಡೇಕಾ ಎಂಬವನ ಧ್ವನಿಪೆಟ್ಟಿಗೆಯಿಂದ ಕೊಯ್ದು ತೆಗೆದ ಗಂಟನ್ನು ನಿನ್ನೆ ಮೇಣದಲ್ಲಿ ಕೂರಿಸುವಾಗ ನಿಲ್ಲಿಸುವ ಬದಲು ಮಲಗಿಸಿದ್ದೇನೆ, ತಪ್ಪು ನನ್ನದೇ, ಅಪ್ಪಣೆ ಕೊಟ್ಟರೆ ಕರಗಿಸಿ ನಿಲ್ಲಿಸಿ ಮತ್ತೆ ಕತ್ತರಿಸಿ ತರುತ್ತೇನೆ ಎಂದಿದ್ದೆ. ಅಷ್ಟೇ.

"ಕಂಡಷ್ಟು ಸಾಕು" ಎಂದರು ಅವರು. "ರಿಪೋರ್ಟಿಗೆ ಸಹಿ ಆಗಿದೆ. ಗಂಟು ಮೇಲ್ಮೈಯಲ್ಲೇ ಇದೆ, ಪೂರ್ತಿ ತೆಗೆದಾಗಿದೆ. ನಾಲ್ಕು ಗಂಟೆಗೆ ಡೇಕಾ ಮನೆಗೆ ಹೋಗ್ತಾನೆ. ಆ ಟ್ರೇ ಇಟ್ಟು ಹೊರಡು."

ಟ್ರೇ ಇಟ್ಟೆ. ಆ ಗಾಜುಗಳನ್ನೆಲ್ಲ ಅವರ ಮುಖಕ್ಕೆ ಎಸೆಯದೆ ಮೇಜಿನ ಮೇಲೆ ಇಡುವುದಕ್ಕೆ ಇದ್ದ ಬಲವೆಲ್ಲ ಬೇಕಾಯಿತು.

ಮಲಗಿಸುವುದು, ನಿಲ್ಲಿಸುವುದು ಅಂದರೆ ಇಷ್ಟೇ. ತುಂಡನ್ನು ಬಿಸಿ ಮೇಣದಲ್ಲಿ ಅದ್ದಿ ಗಟ್ಟಿ ಮಾಡಿ, ಕೂದಲಿಗಿಂತ ತೆಳ್ಳಗೆ ಹೆರೆದು, ಬಣ್ಣ ಹಚ್ಚಿ ಗಾಜಿನ ಮೇಲೆ ಕೂರಿಸುತ್ತೇವೆ. ತುಂಡು ಅಂಚಿನ ಮೇಲೆ ನಿಂತಿದ್ದರೆ ಮೇಲಿನ ಚರ್ಮದಿಂದ ತಳದ ಮಾಂಸದವರೆಗೆ ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಮಲಗಿದ್ದರೆ ಮೇಲ್ಮೈ ಮಾತ್ರ. ಅಡಿಕೆಯ ಸಿಪ್ಪೆ ಹೆರೆದು ನೋಡಿ ಒಳಗೆ ಹುಳ ಇಲ್ಲ ಎಂದ ಹಾಗೆ.

ಆಯುಸ್ಸು ಇರುವುದು ತಳದ ಅಂಚಿನಲ್ಲಿ. ಗಂಟು ಒಳ್ಳೆಯ ಮಾಂಸದೊಳಕ್ಕೆ ನುಗ್ಗುವ ಜಾಗ ಅದು. ಅಲ್ಲಿ ಕೆಟ್ಟ ಕೋಶಗಳು ಒಂದನ್ನೊಂದು ಹಿಡಿದುಕೊಂಡು ಗುಂಪಾಗಿ ಬಂದಿದ್ದರೆ, ಎದುರಿಗೆ ದೇಹದ ಕಾವಲು ಕೋಶಗಳು ಎಳ್ಳು ಚೆಲ್ಲಿದ ಹಾಗೆ ದಟ್ಟವಾಗಿ ನಿಂತಿದ್ದರೆ, ಆ ಮನುಷ್ಯ ಬದುಕಬಹುದು. ಗುಂಪು ಬಿಟ್ಟು ಒಂದೊಂದೇ, ಎರಡೆರಡೇ ಕೋಶಗಳು ಮುಂದೆ ನುಸುಳಿದ್ದರೆ, ನರವನ್ನು ಸುತ್ತಿಕೊಂಡಿದ್ದರೆ, ಎದುರಿಗೆ ಕಾವಲೇ ಇಲ್ಲದಿದ್ದರೆ, ಅವನನ್ನು ಸುಮ್ಮನೆ ಮನೆಗೆ ಕಳಿಸಬಾರದು. ಇದನ್ನು ನನಗೆ ಕಲಿಸಿದವರು ಯಾರು ಗೊತ್ತೇ? ಬರಠಾಕೂರರೇ. ಆರು ವರ್ಷ ಟ್ರೇ ಹಿಡಿದು ಅವರ ಬಾಗಿಲಲ್ಲಿ ನಿಂತಿದ್ದೇನೆ. ಅವರು ಕಲಿಸುತ್ತಿದ್ದದ್ದು ಕುರ್ಚಿಯಲ್ಲಿದ್ದವರಿಗೆ. ಬಾಗಿಲಲ್ಲಿ ನಿಂತವನಿಗೂ ಕಿವಿ ಇದೆ ಎಂದು ಅವರಿಗೆ ಹೊಳೆಯಲಿಲ್ಲ.

ಎಂಟನೇ ಕ್ಲಾಸನ್ನು ನಾನು ಯಾಕೆ ಬಿಟ್ಟೆ ಎಂದೂ ಅವರು ಕೇಳಿಲ್ಲ.

ನನ್ನ ಅಪ್ಪ ಬ್ರಹ್ಮಪುತ್ರದ ಘಾಟಿನಲ್ಲಿ ದೋಣಿಗೆ ಜನ ಕೂಗುತ್ತಿದ್ದ. "ಹತ್ತಿ, ಹತ್ತಿ, ಹೊರಡ್ತು." ಮಂಜು ಕವಿದ ಬೆಳಗಿನಲ್ಲಿ ದೋಣಿ ಕಾಣದವರಿಗೂ ಆ ದನಿ ದಾರಿ ತೋರಿಸುತ್ತಿತ್ತು. ದವಡೆಯಲ್ಲಿ ಸದಾ ಹಸಿ ಅಡಿಕೆ. ಒಂದು ದಿನ ದನಿ ಒಡೆಯಿತು. ಇದೇ ಆಸ್ಪತ್ರೆಯಲ್ಲಿ ಗಂಟು ತೆಗೆದರು. ರಿಪೋರ್ಟು ಚೆನ್ನಾಗಿ ಬಂತು. ಮೇಲ್ಮೈಯಲ್ಲೇ ಇದೆ, ಪೂರ್ತಿ ತೆಗೆದಾಗಿದೆ, ಮನೆಗೆ ಹೋಗಿ ಎಂದರು. ಅಮ್ಮ ಆ ಕಾಗದವನ್ನು ದೇವರ ಪಟದ ಹಿಂದೆ ಇಟ್ಟಳು. ಏಳನೇ ತಿಂಗಳಲ್ಲಿ ಅಪ್ಪ ಹೋದ. ಕೊನೆಗೆ ಕತ್ತಿನಲ್ಲಿ ತೂತು ಮಾಡಿ ಕೊಳವೆ ಇಟ್ಟಿದ್ದರು. ಅವನು ಕೂಗಲು ಬಾಯಿ ತೆರೆದರೆ ಕೊಳವೆಯಿಂದ ಬರೀ ಗಾಳಿ ಬರುತ್ತಿತ್ತು. ತುಟಿ ನೋಡಿ ನಾನು ಓದಿಕೊಳ್ಳುತ್ತಿದ್ದೆ. ಹತ್ತಿ, ಹತ್ತಿ. ನನಗೆ ಆಗ ಹದಿನಾಲ್ಕು. ಮಾರನೇ ವಾರ ಅದೇ ದೋಣಿಯಲ್ಲಿ ಹಗ್ಗ ಎಳೆಯಲು ಸೇರಿದೆ.

ಈ ಲ್ಯಾಬಿಗೆ ಬಂದ ಎರಡನೇ ವರ್ಷ ಉಗ್ರಾಣದಲ್ಲಿ ಅಪ್ಪನ ಮೇಣದ ಬಿಲ್ಲೆ ಸಿಕ್ಕಿತು. ರಿಪೋರ್ಟಿನ ನಂಬರು ಬಾಯಿಪಾಠವಿತ್ತು. ಬೆರಳುಗುರಿನಷ್ಟು ಮಾಂಸ. ಅದನ್ನು ಮಲಗಿಸಿದ್ದರು. ಕರಗಿಸಿ, ನಿಲ್ಲಿಸಿ, ಕತ್ತರಿಸಿ ನೋಡಿದೆ. ನೋಡಿದ್ದನ್ನು ಯಾರಿಗೂ ಹೇಳಲಿಲ್ಲ. ಆ ಸ್ಲೈಡು ಅಂದಿನಿಂದ ನನ್ನ ಅಂಗಿಯ ಜೇಬಿನಲ್ಲಿ, ಒಂದು ಬೀಡಿ ಡಬ್ಬಿಯಲ್ಲಿದೆ. ಅಂದಿನಿಂದಲೇ ಕತ್ತರಿಸುವ ಯಂತ್ರದ ಚಕ್ರ ತಿರುಗಿಸಿದರೆ ಅದರ ಸದ್ದಿನಲ್ಲಿ ಅಪ್ಪನ ಉಸಿರು ಕೇಳುತ್ತದೆ. ಒಂದೊಂದು ಸುತ್ತಿಗೂ ಒಂದು "ಹತ್ತಿ." ದಿನಕ್ಕೆ ಸಾವಿರ ಸುತ್ತು.

ಮಲಗಿಸಿದ ಆ ಕೈ ಯಾವುದಿರಬಹುದು ಎಂದು ನಾಲ್ಕು ವರ್ಷದಿಂದ ಶಪಿಸುತ್ತಿದ್ದೆ. ನಿನ್ನೆ ಕರೆಂಟು ಹೋಗಿತ್ತು, ಮೇಣ ಆರುತ್ತಿತ್ತು, ನಲವತ್ತು ತುಂಡು ಬಾಕಿ ಇದ್ದವು. ಅವಸರದಲ್ಲಿ ಡೇಕಾನ ತುಂಡನ್ನು ನಾನೇ ಮಲಗಿಸಿದೆ. ಇವತ್ತು ಸ್ಲೈಡು ಬೆಳಕಿಗೆ ಹಿಡಿದಾಗ ಗೊತ್ತಾಯಿತು. ಆ ಕೈ ಈಗ ನನ್ನ ಮಣಿಕಟ್ಟಿನಲ್ಲೇ ಇತ್ತು.

ಹನ್ನೆರಡು ಗಂಟೆಗೆ ಎಲ್ಲರೂ ಊಟಕ್ಕೆ ಎದ್ದರು. ನಾನು ಡೇಕಾನ ಬಿಲ್ಲೆಯನ್ನು ಬಿಸಿ ತಟ್ಟೆಯ ಮೇಲೆ ಇಟ್ಟೆ.

"ಬೇಡ ಮಗಾ." ಹೋಲಿರಾಮ್ ಹಿಂದೆ ನಿಂತಿದ್ದ. ನನಗೆ ಅವನು ಖುರಾ, ಚಿಕ್ಕಪ್ಪನ ಹಾಗೆ. ಮೂವತ್ತು ವರ್ಷದಿಂದ ಇಲ್ಲಿರುವವನು, ನನಗೆ ಚಾಕು ಹಿಡಿಯಲು ಕಲಿಸಿದವನು. "ಅರ್ಧ ತುಂಡು ಆಗ್ಲೇ ಹೆರೆದು ಹೋಗಿದೆ. ಉಳಿದಿರೋದು ಅಕ್ಕಿ ಕಾಳಿನಷ್ಟು. ಕೈ ತಪ್ಪಿದ್ರೆ ತುಂಡೂ ಇಲ್ಲ, ನೌಕರಿನೂ ಇಲ್ಲ."

"ತಪ್ಪದಿದ್ರೆ?"

"ತಪ್ಪದಿದ್ರೂ ನೌಕರಿ ಇಲ್ಲ. ಬೇಡ ಅಂದ ಮೇಲೆ ಮಾಡ್ತಿದೀಯಲ್ಲ."

"ಹಾಗಾದ್ರೆ ಒಂದೇ ಲೆಕ್ಕ ಆಯ್ತಲ್ಲ ಖುರಾ."

ಅವನು ಸೊಂಟದ ಚೀಲದಿಂದ ಅಡಿಕೆ ಹೋಳು ತೆಗೆದು, ನನ್ನ ಮುಖ ನೋಡಿ, ತಿರುಗಿ ಒಳಗೆ ಹಾಕಿದ. ನಾನು ಕೇಳಬಾರದೆಂದಿದ್ದದ್ದನ್ನು ಕೇಳಿದೆ.

"ಹತ್ತು ವರ್ಷದ ಹಿಂದೆ ಇಲ್ಲಿ ಮೇಣ ಹಾಕ್ತಿದ್ದದ್ದು ಯಾರು?"

ಅವನು ಕರಗುತ್ತಿದ್ದ ಮೇಣದ ಕಡೆ ಬಾಗಿದ. "ನಾನೊಬ್ಬನೇ" ಎಂದ. ಆಮೇಲೆ, "ಚಿಮಟ ಕಾಯಿಸಿಕೋ. ತಣ್ಣಗಿದ್ರೆ ತುಂಡು ಅಂಟುತ್ತೆ."

ಕೂಗಾಡಲು ಹೊತ್ತಿರಲಿಲ್ಲ. ಚಿಮಟ ಕಾಯಿಸಿದೆ. ಅಕ್ಕಿ ಕಾಳನ್ನು ಅಂಚಿನ ಮೇಲೆ ನಿಲ್ಲಿಸಿದೆ. ಬಿತ್ತು. ಮತ್ತೆ ನಿಲ್ಲಿಸಿದೆ. ಖುರಾ ಮಂಜುಗಡ್ಡೆಯ ತಟ್ಟೆ ಹಿಡಿದುಕೊಂಡ. ಮೇಣ ಬೆಳ್ಳಗಾಗುವವರೆಗೆ ನಾನು ಚಿಮಟ ಬಿಡಲಿಲ್ಲ. ಆಮೇಲೆ ಚಕ್ರ ತಿರುಗಿಸಿದೆ. ಹತ್ತಿ. ಹತ್ತಿ. ಮೊದಲ ಎಂಟು ಪದರ ಬರೀ ಮೇಣ. ಒಂಬತ್ತನೆಯದರಲ್ಲಿ ಮಾಂಸ ಬಂತು. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟಾಗ ಅದು ಹೊಗೆಯ ಹಾಗೆ ಹರಡಿಕೊಂಡಿತು. ಗಾಜಿನಿಂದ ಎತ್ತಿಕೊಂಡೆ.

ಬಣ್ಣ ಹಚ್ಚಿ ಮುಗಿಯುವಾಗ ಮೂರೂಕಾಲು. ಲ್ಯಾಬಿನ ಹಳೆಯ ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡಿದೆ. ಇನ್ನೊಮ್ಮೆ ನೋಡುವ ಅಗತ್ಯವಿರಲಿಲ್ಲ. ಅಪ್ಪನ ಸ್ಲೈಡಿನ ಅಣ್ಣತಮ್ಮನ ಹಾಗಿತ್ತು.

ಬರಠಾಕೂರರ ಕೋಣೆಗೆ ಹೋದಾಗ ಅದೇ ಏಳು ಜನ ಇದ್ದರು. ಕಾರ್ಡುಬೋರ್ಡಿನ ಟ್ರೇಯನ್ನು ಅವರ ಮುಂದಿಟ್ಟೆ. ಅದರಲ್ಲಿ ಎರಡು ಸ್ಲೈಡು.

"ನಿನಗೆ ಏನು ಹೇಳಿದ್ದೆ?"

"ಡೇಕಾನದ್ದು, ಸರ್. ನಿಲ್ಲಿಸಿದ್ದೇನೆ. ನೋಡಿ ಆಮೇಲೆ ಕೆಲಸದಿಂದ ತೆಗೀರಿ."

ಏನು ನೋಡಿ ಒಪ್ಪಿದರೋ ಗೊತ್ತಿಲ್ಲ. ಕಣ್ಣಿಟ್ಟರು. ಬೆರಳಿನಿಂದ ಸ್ಲೈಡನ್ನು ಒಂದಿಷ್ಟು ಸರಿಸಿದರು, ನಿಲ್ಲಿಸಿದರು, ಮತ್ತೆ ಹಿಂದಕ್ಕೆ ತಂದರು. ಕಣ್ಣು ತೆಗೆಯದೆಯೇ ಕೈ ಚಾಚಿ ಫೋನು ಎತ್ತಿಕೊಂಡು ವಾರ್ಡಿಗೆ ಮಾತಾಡಿದರು. "ಗೋಲಾಪ್ ಡೇಕಾ. ಹೌದು. ಕಳಿಸಬೇಡಿ. ಬಸ್ಸು ಹತ್ತಿದ್ರೆ ಇಳಿಸ್ಕೊಂಡು ಬನ್ನಿ. ಮತ್ತೆ ಆಪರೇಷನ್ ಬೇಕು, ಆಮೇಲೆ ರೇಡಿಯೇಷನ್. ರಿಪೋರ್ಟು ಬದಲಾಗ್ತಿದೆ."

ಫೋನು ಇಟ್ಟರು. ನನ್ನ ಕಡೆ ನೋಡಲಿಲ್ಲ. ಬೆಳಿಗ್ಗೆ ಬಾಯಿಗೆ ಕೈ ಅಡ್ಡ ಹಿಡಿದಿದ್ದ ಹುಡುಗಿ ನೆಲ ನೋಡುತ್ತಿದ್ದಳು.

ಎರಡನೆಯ ಸ್ಲೈಡನ್ನು ಅವರೇ ಎತ್ತಿ ಸೂಕ್ಷ್ಮದರ್ಶಕದಡಿ ಇಟ್ಟರು. ಇದೂ ಡೇಕಾನದ್ದೇ ಎಂದುಕೊಂಡಿರಬೇಕು. ಅವರಿಗೆ ಮೇಷ್ಟರ ದನಿ ಬಂತು. ಕಲಿಸುವ ಚಟ ಅವರನ್ನು ಬಿಡುವುದಿಲ್ಲ.

"ಎಲ್ಲರೂ ಬಂದು ನೋಡಿ. ಇದು ಬೇರೆ ಮನುಷ್ಯನದು, ಡೇಕಾನದ್ದಕ್ಕಿಂತ ಕೆಟ್ಟದ್ದು. ಒಂದೊಂದೇ ಕೋಶ ಹೇಗೆ ನುಸುಳಿದೆ ನೋಡಿ. ನರ ಇಲ್ಲಿದೆ, ಸುತ್ತ ಹಗ್ಗದ ಹಾಗೆ ಬಿಗಿದಿದೆ. ಕಾವಲು ಕೋಶ ಹುಡುಕಿ. ಒಂದೂ ಇಲ್ಲ. ಇಂಥವನನ್ನ ಬರೀ ಗಂಟು ತೆಗೆದು ಮನೆಗೆ ಕಳಿಸಿದ್ರೆ ಏಳು, ಎಂಟು ತಿಂಗಳು. ಅಷ್ಟೇ." ಅವರು ತಲೆ ಎತ್ತಿದರು. "ಹಳೇ ನಂಬರಿದು. ನಾನು ನೋಡಿದ್ದಾಗಿ ನೆನಪಿಲ್ಲ. ರಿಪೋರ್ಟು ಯಾರು ಬರೆದದ್ದು? ಪ್ರಬೀನ್, ಇದು ಯಾರದ್ದು?"

ಏಳು ಜನರೂ ನನ್ನನ್ನು ನೋಡಿದರು. ನಂಬರು ಗಾಜಿನ ಮೇಲೆ ಇತ್ತು. ರಿಜಿಸ್ಟರು ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು, ಅದರಲ್ಲಿ ಆ ನಂಬರಿನ ಎದುರು ನನ್ನಪ್ಪನ ಹೆಸರು, ಅವರದೇ ಸಹಿ.

ಖಾಲಿ ಬೀಡಿ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟೆ.

"ಪ್ರಬೀನ್, ಕೇಳ್ತಿರೋದು ನಿನ್ನನ್ನೇ. ಯಾರದ್ದು ಇದು?"

ಬಾಗಿಲು ದಾಟಿದೆ. ಕಾರಿಡಾರಿನಲ್ಲಿ ಖುರಾ ಗೋಡೆಗೆ ಒರಗಿ ನಿಂತಿದ್ದ. ಅವನನ್ನೂ ದಾಟಿ ನಡೆದೆ. ಹಿಂದಿನಿಂದ ಕಪಾಟು ತೆರೆದ ಸದ್ದು ಕೇಳಿಸಿತು.