ಗಾಜಿನ ಲೋಟದ ಮಲ್ಲಿಗೆ ದೀಪ

ಕೂಡ್ಲಿಗಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸೌಭಾಗ್ಯಳ ಮನೆ. ಆ ಮನೆಯ ಪಡಸಾಲೆಯಲ್ಲಿ ಅವಳ ಅತ್ತೆ ಜಂಬಕ್ಕ ಹೋದ ದೀಪಾವಳಿಯಿಂದ ಹಾಸಿಗೆ ಹಿಡಿದಿದ್ದಳು. ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಮಾತು ಮಾತ್ರ ಮೊದಲಿನಷ್ಟೇ ಖಡಕ್ಕು. ಹಾಸಿಗೆ ಹಿಡಿದವರಿರುವ ಕಡೆ ಯಾವ ವಾಸನೆ ಇರುತ್ತದೋ ಅದು ಈ ಪಡಸಾಲೆಯಲ್ಲೂ ಇತ್ತು. ಸೌಭಾಗ್ಯ ದಿನಾ ಅತ್ತೆಯ ಮೈ ಒರೆಸುತ್ತಿದ್ದಳು, ಬಟ್ಟೆ ಬದಲಿಸುತ್ತಿದ್ದಳು, ನೆಲಕ್ಕೆ ಫಿನಾಯಿಲ್ ಹಾಕುತ್ತಿದ್ದಳು. ವಾಸನೆ ಹೊರಗೆ ಹೋದ ಹಾಗೆ ಮಾಡಿ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಬಂದು ಕೂರುತ್ತಿತ್ತು.

ನೋಡಲು ಬಂದ ನೆಂಟರು ಹೊಸಿಲು ದಾಟುತ್ತಲೇ ಸೆರಗನ್ನು ಮೂಗಿಗೆ ಒಯ್ಯುತ್ತಿದ್ದರು. ಒಯ್ಯಲಿ, ಬೇಡ ಎನ್ನಲಾದೀತೇ? ಆದರೆ ಮೂಗು ಮುಚ್ಚಿಕೊಂಡವರು ನೋಡುತ್ತಿದ್ದುದು ಜಂಬಕ್ಕನನ್ನಲ್ಲ, ಸೌಭಾಗ್ಯಳನ್ನು. ಈಕೆ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಬಾಯಲ್ಲಿ ಹೇಳುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ, ಕಣ್ಣಲ್ಲೇ ಹೇಳಿ ಮುಗಿಸುತ್ತಿದ್ದರು. ಗಂಡ ಮೈಲಾರೇಶ್ ಬಾಡಿಗೆ ಗಾಡಿ ಓಡಿಸುವವನು. ಬೆಳಗಾದರೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಬಂದವನೇ ‘ಅವ್ವ ಉಂಡ್ಲೇನ?’ ಎಂದು ಕೇಳುವಲ್ಲಿಗೆ ಅವನ ಸೇವೆ ಮುಗಿಯುತ್ತಿತ್ತು.

ನೆಂಟರು ಹೋದ ಮೇಲೆ ಜಂಬಕ್ಕನದು ಯಾವಾಗಲೂ ಅದೇ ಪ್ರಶ್ನೆ.

‘ನಾರ್ತೀನೇನ ಸೌಭಾಗ್ಯ?’

‘ಇಲ್ರಿ ಅತ್ತಿ, ಎಲ್ಲಿ ನಾರ್ತೀರಿ? ಸುಮ್ನ ಮಲ್ಕಳ್ರಿ.’

ಗುಡೇಕೋಟೆಯ ಕುರಿಹಟ್ಟಿಯಲ್ಲಿ ಆಯುಷ್ಯ ಕಳೆದರೂ ಸಂತೆಗೆ ಹೊರಟಳೆಂದರೆ ಮಿಂದು, ಮಡಿಸಿಟ್ಟ ಸೀರೆ ಉಟ್ಟು, ಕುರಿಯ ವಾಸನೆ ಎಳ್ಳಷ್ಟೂ ಮೈಗೆ ಅಂಟದಂತೆ ಹೋಗುತ್ತಿದ್ದ ಹೆಂಗಸು ಜಂಬಕ್ಕ. ಅವಳಿಗೆ ನಿಜ ಹೇಳಲು ಸೌಭಾಗ್ಯಳಿಗೆ ಬಾಯಿ ಬರುತ್ತಿರಲಿಲ್ಲ.

ಇಂಥದ್ದರಲ್ಲಿ ಒಂದು ದಿನ ನಾದಿನಿ ಪುಷ್ಪಲತಾ ಹಗರಿಬೊಮ್ಮನಹಳ್ಳಿಯಿಂದ ಫೋನ್ ಮಾಡಿದಳು. ‘ಎರಡು ತಿಂಗ್ಳು ಅವ್ವನ್ನ ನಾನು ಇಟ್ಕಂತೀನಿ ಅತ್ತಿಗಿ. ಆದ್ರ ನಮ್ಮನ್ಯಾಗ ಇವ್ರಿಗೆ ವಾಸನಿ ಅಂದ್ರ ಆಗಾದಿಲ್ಲ ನೋಡು. ಐತಾರ ಇಬ್ರೂ ಬರ್ತೀವಿ. ಇವ್ರು ನೋಡಿ ಹೂಂ ಅಂದ್ರ ಗಾಡಿ ಮಾಡ್ಕಂಡು ಕರ್ಕಂಡು ಹೋಗ್ತೀವಿ.’

ಎರಡು ತಿಂಗಳು! ಸೌಭಾಗ್ಯ ಫೋನ್ ಇಟ್ಟು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. ಅವಳಿಗೆ ಬೇಕಿದ್ದದ್ದು ಸೀರೆಯಲ್ಲ, ಒಡವೆಯಲ್ಲ, ನಿದ್ದೆ. ರಾತ್ರಿ ಅತ್ತೆಯ ಮಗ್ಗುಲು ಬದಲಿಸಲು ಏಳಬೇಕಿಲ್ಲದ ನಿದ್ದೆ. ಭಾರ ಎತ್ತಿ ಎತ್ತಿ ಸೊಂಟ ಹಿಡಿದುಹೋಗಿತ್ತು. ಮಲಗಬೇಕಮ್ಮ, ಬೇರೆ ಔಷಧಿ ಇಲ್ಲ ಎಂದು ಡಾಕ್ಟರೂ ಹೇಳಿ ಕಳಿಸಿದ್ದರು. ಅಂಥ ಔಷಧಿ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಮಾತ್ರ ಅವರು ಹೇಳಿರಲಿಲ್ಲ.

ಊದುಬತ್ತಿಯ ಹೊಗೆಗೆ ಜಂಬಕ್ಕನಿಗೆ ಕೆಮ್ಮು ಹತ್ತುತ್ತಿತ್ತು, ಲೋಬಾನ ಹಾಕಿದರಂತೂ ದಮ್ಮೇ ಕಟ್ಟುತ್ತಿತ್ತು. ಅದನ್ನು ಕಂಡೇ ಪಕ್ಕದ ಮನೆಯ ಹೊಸ ಸೊಸೆ ಮೇಘಾ ತನ್ನ ಮದುವೆಯಲ್ಲಿ ಉಡುಗೊರೆ ಬಂದಿದ್ದ ಒಂದು ಪರಿಮಳದ ಮೇಣದಬತ್ತಿ ತಂದುಕೊಟ್ಟಿದ್ದಳು. ಗಾಜಿನ ಲೋಟದ ತುಂಬ ಬಿಳಿ ಮೇಣ, ನಡುವೆ ಬತ್ತಿ, ಮಲ್ಲಿಗೆ ವಾಸನೆ. ಸೌಭಾಗ್ಯ ಅದನ್ನು ಬಂಗಾರದ ಹಾಗೆ ಜೋಪಾನ ಮಾಡಿದ್ದಳು. ಯಾರಾದರೂ ಬಂದಾಗ ಹಚ್ಚುವುದು, ಅವರು ಎದ್ದ ಕೂಡಲೇ ತಟ್ಟೆ ಮುಚ್ಚಿ ಆರಿಸುವುದು. ಒಬ್ಬೊಬ್ಬ ನೆಂಟರಿಗೆ ಹತ್ತು ನಿಮಿಷದ ಮಲ್ಲಿಗೆ. ಆದರೆ ಬರಬರುತ್ತ ಅದರ ಕುಡಿ ಸಣ್ಣಗಾಗಿ, ಹಚ್ಚಿದರೆ ಚಿಟಿಚಿಟಿ ಎಂದು ಆರತೊಡಗಿತ್ತು.

ಐತವಾರದ ಹಿಂದಿನ ದಿನ ಮಧ್ಯಾಹ್ನ ಅದನ್ನು ಹಿಡಿದು ಮೇಘಾಳ ಮನೆಗೆ ಓಡಿದಳು. ಮೇಘಾ ಲೋಟದೊಳಗೆ ಇಣುಕಿದಳು. ಅಂಚಿನ ಮೇಣವೆಲ್ಲ ಹಾಗೇ ಗೋಡೆಯಂತೆ ನಿಂತಿತ್ತು. ನಡುವೆ ಬಾವಿ ತೋಡಿದ ಹಾಗೆ ಕುಳಿ, ಕುಳಿಯ ತಳದಲ್ಲಿ ಬತ್ತಿ ಮುಳುಗಿಕೊಂಡಿತ್ತು.

‘ಅಕ್ಕ, ಇದರಾಗ ಏನು ಹಾಕೀರಿ? ಎಣ್ಣಿ ಇದ್ದಂಗ ಐತಿ.’

‘ಕುಡಿ ಸಣ್ಣ ಆತಲ್ಲ, ಒಂದು ಚಮಚ ಒಳ್ಳೆಣ್ಣಿ ಹಾಕಿದ್ನೆವ್ವ.’

ಮೇಘಾ ಬಿದ್ದು ಬಿದ್ದು ನಕ್ಕಳು. ಸೌಭಾಗ್ಯಳಿಗೂ ನಗು ಬಂತು, ಆದರೆ ನಗಲು ಸೊಂಟ ಬಿಡಲಿಲ್ಲ. ಆಮೇಲೆ ಮೇಘಾ ಎಲ್ಲ ತಿಳಿಸಿ ಹೇಳಿದಳು. ಈ ಕ್ಯಾಂಡಲ್ ಹಚ್ಚಿದರೆ ಮೇಣ ಗಾಜಿನ ಅಂಚಿನವರೆಗೂ ಕರಗುವ ತನಕ ಬಿಡಬೇಕು. ನಡುವೆ ಆರಿಸಿದರೆ ಮರುಸಲ ಅಷ್ಟೇ ಅಗಲ ಕರಗಿ ಕುಳಿ ಬೀಳುತ್ತದೆ. ಬತ್ತಿಯ ಕರಕು ತುದಿಯನ್ನು ಪ್ರತಿಸಲ ಕತ್ತರಿಸಬೇಕು, ಇಲ್ಲದಿದ್ದರೆ ಹೊಗೆ ಬರುತ್ತದೆ. ಫ್ಯಾನ್ ಹಾಕಿದರೆ ಕುಡಿ ಒಂದೇ ಕಡೆ ವಾಲಿ ಒಂದೇ ಮಗ್ಗುಲು ಕರಗುತ್ತದೆ. ಮತ್ತೆ, ಹಚ್ಚಿಟ್ಟು ಎದ್ದು ಹೋಗಬಾರದು, ಬೆಂಕಿ ಬೆಂಕಿಯೇ.

‘ಅಂದ್ರ ಅದರ ಮುಂದ ಕುಂದ್ರಬೇಕೇನ?’

‘ಹೂನಕ್ಕ, ಎರಡು ಮೂರು ತಾಸು.’

ಮನೆಗೆ ಬಂದು ಎಣ್ಣೆ ಚೆಲ್ಲಿ, ಬತ್ತಿಯ ಸುತ್ತ ಹತ್ತಿಯಿಂದ ಒರೆಸಿ, ಉಗುರು ಕತ್ತರಿಸುವ ಕಟರಿನಿಂದ ತುದಿ ಕತ್ತರಿಸಿದಳು. ಮೇಘಾ ಕೊಟ್ಟ, ಹೋಟೆಲಿನವರು ಊಟ ಕಟ್ಟುವ ಬೆಳ್ಳಿ ಹಾಳೆಯನ್ನು ಲೋಟದ ಬಾಯಿಗೆ ಸುತ್ತಿ ನಡುವೆ ತೂತು ಬಿಟ್ಟಳು. ಬಿಸಿ ಒಳಗೇ ನಿಂತು ಅಂಚಿನ ಮೇಣ ಕರಗಲಿ ಎಂದು. ಫ್ಯಾನ್ ಆರಿಸಿ ಬತ್ತಿ ಹಚ್ಚಿದಳು. ಕೂಡ್ಲಿಗಿಯ ಬಿಸಿಲು ಗೊತ್ತಲ್ಲ, ಫ್ಯಾನ್ ನಿಂತ ಮರುಗಳಿಗೆ ಇಬ್ಬರೂ ಬೆವರಿದರು. ಒದ್ದೆ ಬಟ್ಟೆಯಿಂದ ಅತ್ತೆಯ ಮುಖ, ಕತ್ತು ಒರೆಸುತ್ತ ಸೌಭಾಗ್ಯ ಅವಳು ಮಲಗಿದ್ದ ಹೊರಸಿನ ಪಕ್ಕ ಕುಳಿತಳು. ಕೈಯಲ್ಲಿ ಬೇರೆ ಕೆಲಸವಿಲ್ಲದೆ ಅವಳು ಅಲ್ಲಿ ಕುಳಿತದ್ದು ಅದೇ ಮೊದಲು.

‘ಏನಿದು ವಾಸನಿ?’ ಎಂದಳು ಜಂಬಕ್ಕ.

‘ಮಲ್ಲಿಗಿ ಅಂತ್ರಿ.’

‘ಹಡಗಲಿ ಮಲ್ಲಿಗಿ ಮುಡ್ದಾಕಿ ನಾನು. ನನಗ ಹೇಳ್ತಿಯಾ? ಇದು ಸಾಬಾನು.’

ಅಂಚಿನ ಮೇಣ ಮೆಲ್ಲಗೆ ಕುಸಿಯತೊಡಗಿತ್ತು. ನಾಳೆ ಮಗಳು ಕರೆದರೆ ಹೋಗುತ್ತೀರಾ ಎಂದು ಸೌಭಾಗ್ಯ ಕೇಳಿದಳು. ಕೇಳುವಾಗ ದನಿಯಲ್ಲಿ ಆಸೆ ಕಾಣದಂತೆ ಎಷ್ಟು ಹುಷಾರಾಗಿದ್ದರೂ ಕಂಡೇ ಬಿಟ್ಟಿರಬೇಕು.

‘ಹೋಗ್ತೀನಿ ಬಿಡು,’ ಎಂದಳು ಜಂಬಕ್ಕ. ‘ರಾತ್ರಿ ನೀನು ಗೋಡಿ ಹಿಡ್ಕಂಡು ಏಳಾದು ನನಗ ಕೇಳ್ತೈತಿ.’

ಸಂಜೆಯ ಹೊತ್ತಿಗೆ ಹಾಳೆ ಬಿಚ್ಚಿದರೆ ಮೇಣ ಅಂಚಿನಿಂದ ಅಂಚಿಗೆ ಸಮನಾಗಿ ಕರಗಿ ತಿಳಿನೀರಿನಂತೆ ನಿಂತಿತ್ತು. ಬಹಳ ದಿನಗಳ ಮೇಲೆ ತಾನು ಮಾಡಿದ ಕೆಲಸವೊಂದು ಮಾಡಿದ ಹಾಗೆಯೇ ನಿಂತದ್ದನ್ನು ಕಂಡು ಸೌಭಾಗ್ಯಳಿಗೆ ಖುಷಿಯಾಯಿತು. ತಟ್ಟೆ ಮುಚ್ಚಿ ಆರಿಸಿ, ಎತ್ತಿಟ್ಟಳು.

ಐತವಾರ ನಸುಕಿಗೇ ಎದ್ದು ಅತ್ತೆಯ ಮೈ ಒರೆಸಿ, ಬಟ್ಟೆ ಬದಲಿಸಿ, ಚಾದರ ಹಾಸಿ, ಬತ್ತಿ ಕತ್ತರಿಸಿ ದೀಪ ಹಚ್ಚಿದಳು. ಹತ್ತು ಗಂಟೆಯ ಸುಮಾರಿಗೆ ಪುಷ್ಪಲತಾ, ಅವಳ ಗಂಡ ಭೀಮರಾಜ ಬಂದರು. ಭೀಮರಾಜ ಕರ್ಚೀಫನ್ನು ಓಣಿಯಿಂದಲೇ ಕೈಯಲ್ಲಿ ಸಿದ್ಧವಾಗಿ ಹಿಡಿದುಕೊಂಡಿದ್ದ. ಹೊಸಿಲು ದಾಟಿ ಒಮ್ಮೆ ಮೂಸಿದ, ಇನ್ನೊಮ್ಮೆ ಮೂಸಿದ. ಕರ್ಚೀಫು ಜೇಬಿಗೆ ಹೋಯಿತು. ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದ ಪುಷ್ಪಲತಾ ಅಂದು ಹೊರಸಿನ ಮೇಲೆ ತಾಯಿಯ ಪಕ್ಕದಲ್ಲೇ ಕುಳಿತು ತಲೆ ನೇವರಿಸಿದಳು. ಸೌಭಾಗ್ಯ ಒಳಗೆ ಉಪ್ಪಿಟ್ಟು ತಿರುವುತ್ತ, ಅತ್ತೆಯ ಯಾವ ಯಾವ ಸೀರೆ ಕಟ್ಟಿಕೊಡಬೇಕೆಂದು ಆಗಲೇ ಮನಸ್ಸಿನಲ್ಲಿ ಜೋಡಿಸುತ್ತಿದ್ದಳು.

ಉಪ್ಪಿಟ್ಟಿನ ತಟ್ಟೆ ಕೊಟ್ಟಾಗ ಭೀಮರಾಜನೇ ಬಾಯಿ ತೆರೆದ. ‘ಆಸ್ಪತ್ರಿಗಿಂತ ಚಂದ ಇಟ್ಟೀರಿ ಬಿಡಮ್ಮ. ಸುಳ್ಳು ಯಾಕ ಹೇಳ್ಳಿ, ನಾನು ಹೆಂಗಿರತೈತೋ ಏನೋ ಅನ್ಕಂಡಿದ್ದೆ.’

‘ಅದಕ್ಕ ನೋಡು ಅತ್ತಿಗಿ,’ ಎಂದಳು ಪುಷ್ಪಲತಾ. ಅವಳ ಕಣ್ಣಲ್ಲಿ ನಿಜವಾದ ನೀರಿತ್ತು. ‘ನನ್ನ ಕೈಲಿ ಈಟು ಚಂದ ನೋಡ್ಕಳಾಕ ಆಗಾದಿಲ್ಲ. ಸುಖವಾಗಿರ ಅವ್ವನ್ನ ಕರ್ಕಂಡು ಹೋಗಿ ಯಾಕ ಹಾಳು ಮಾಡ್ಲಿ? ನಿನ್ನಂಥ ಸೊಸಿ ಪಡಿಯಾಕ ಪುಣ್ಯ ಮಾಡ್ಯಾಳ. ಇಲ್ಲೇ ಇರ್ಲಿ.’

ಇಲ್ಲ, ಕರೆದುಕೊಂಡು ಹೋಗಿ, ನನ್ನ ಕೈಲಿ ಆಗುತ್ತಿಲ್ಲ ಎನ್ನುವ ಮಾತು ಸೌಭಾಗ್ಯಳ ಗಂಟಲವರೆಗೆ ಬಂತು. ಆದರೆ ಮಲಗಿದವಳ ಕಿವಿಗೆ ಬೀಳುವಂತೆ ಇವಳನ್ನು ಒಯ್ಯಿರಿ ಎಂದು ಹೇಗೆ ಹೇಳುವುದು? ಹೊಗಳಿಸಿಕೊಂಡ ಬಾಯಿಯಿಂದ ಅದು ಹೊರಡಲೇ ಇಲ್ಲ. ‘ಚಾ ತರ್ತೀನಿ ತಡೀರಿ,’ ಎಂದು ಒಳಗೆ ಹೋದಳು.

ಅವರು ಮಧ್ಯಾಹ್ನದ ಬಸ್ಸಿಗೆ ಹೊರಟರು. ಬಾಗಿಲು ಮುಂದೆ ಮಾಡಿ ಬಂದ ಸೌಭಾಗ್ಯ ಹೊರಸಿಗೆ ಒರಗಿ ನೆಲಕ್ಕೆ ಕುಳಿತಳು. ದೀಪ ಚೂರೂ ಅಲುಗದೆ ಉರಿಯುತ್ತಿತ್ತು. ಅವಳಿಗೆ ಅಳು ಬಂತು. ಸದ್ದು ಮಾಡಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡರೂ ಹೊರಸು ನಡುಗಿತು.

ಜಂಬಕ್ಕ ಆಡುವ ಬಲಗೈಯನ್ನು ಚಾಚಿ ಸೊಸೆಯ ತಲೆಯ ಮೇಲಿಟ್ಟಳು.

‘ಮುಂದಿನ ಸಲ ಅವ್ರು ಬಂದಾಗ ಇದನ್ನ ಹಚ್ಚಬ್ಯಾಡ,’ ಎಂದಳು. ‘ಅವತ್ತು ನನ್ನ ಬಟ್ಟಿನೂ ಬದಲ್ಸಬ್ಯಾಡ.’

ಅಂಥ ಮಾತಾಡಬೇಡಿ ಅತ್ತೆ ಎನ್ನಬೇಕಿತ್ತು, ಯಾರಾದರೂ ಹಾಗೇ ಅನ್ನುತ್ತಿದ್ದರು. ಸೌಭಾಗ್ಯ ಮುಖ ಒರೆಸಿಕೊಂಡಳು.

‘ಆತ್ರಿ ಅತ್ತಿ,’ ಎಂದಳು.